ಅಪ್ಪನ ಮೆದುಳಿನ ಎರಡು ಚುಕ್ಕೆಗಳು

ಡಿಮೆನ್ಷಿಯಾ ಅಂದ್ರೆ ಮರೆವು ಅಂತಾನೇ ನಮ್ಮಲ್ಲಿ ಬಹಳ ಜನ ತಿಳ್ಕೊಂಡಿದ್ದಾರೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು, ಹೇಳಿದ್ದನ್ನೇ ಹತ್ತು ಸಲ ಹೇಳೋದು, ಮನೆ ದಾರಿ ತಪ್ಪೋದು. ನಮ್ಮ ಅಪ್ಪನಿಗೆ ಶುರುವಿನಲ್ಲಿ ಇದ್ಯಾವುದೂ ಇರಲಿಲ್ಲ. ಮೂವತ್ತು ವರ್ಷದ ಹಿಂದೆ ಎಳೆದ ಲೈನು ಯಾವ ಊರಿನ ಯಾರ ತೋಟದ ಮೇಲೆ ಹಾದುಹೋಗಿತ್ತು ಅನ್ನೋದನ್ನೂ ಹೇಳುತ್ತಿದ್ದರು. ಆದರೂ ಅವರಿಗೆ ಇದ್ದದ್ದು ಡಿಮೆನ್ಷಿಯಾ. ಅದರ ಹೆಸರು ಲೂಯಿ ಬಾಡಿ ಡಿಮೆನ್ಷಿಯಾ. ಆ ಹೆಸರು ನಮ್ಮ ಮನೆಗೆ ತಲುಪೋಕೆ ಎರಡು ವರ್ಷ, ನಾಲ್ಕು ಜನ ಡಾಕ್ಟರು, ಕೊನೆಗೆ ಒಂದು ಸ್ಕ್ಯಾನ್ ಬೇಕಾಯ್ತು.

ಅದೇನು ಸ್ಕ್ಯಾನು, ಅದರಿಂದ ಏನು ತಿಳಿಯುತ್ತೆ, ಏನು ತಿಳಿಯಲ್ಲ ಅನ್ನೋದನ್ನ ಬರೀತಿದ್ದೀನಿ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮನ್ನ ಬಿಟ್ಟು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರೋ ನನ್ನಂಥವರಿಗೆ ಇದು ಯಾವತ್ತಾದರೂ ಉಪಯೋಗಕ್ಕೆ ಬರಬಹುದು.

ಒಂದಕ್ಕೊಂದು ಸಂಬಂಧವೇ ಇಲ್ಲದ ತೊಂದರೆಗಳು

ಅಪ್ಪ ಹಾಸನ ಜಿಲ್ಲೆಯಲ್ಲಿ ಕೆಇಬಿ ಲೈನ್‌ಮ್ಯಾನ್ ಆಗಿ ಸೇರಿ ಓವರ್‌ಸಿಯರ್ ಆಗಿ ರಿಟೈರ್ ಆದವರು. ಕಂಪನಿ ಹೆಸರು ಏನೇ ಬದಲಾಗಲಿ, ಅವರ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿಯೇ. ಎಪ್ಪತ್ತು ದಾಟಿದ ಮೇಲೆ ಒಂದು ದಿನ ಅಮ್ಮ ಫೋನಲ್ಲಿ ಹೇಳಿದರು: "ನಿಮ್ಮಪ್ಪ ಪಡಸಾಲೆಯಲ್ಲಿ ಮೂರು ಮಕ್ಕಳು ಕೂತವ್ರೆ, ಅವಕ್ಕೂ ತಿಂಡಿ ಕೊಡು ಅಂತಾರೆ ಕಣೆ." ಕಣ್ಣಿಗೆ ಪೊರೆ ಬಂದಿತ್ತು. ಅದರಿಂದಲೇ ಇರಬೇಕು ಅಂದರು ಊರ ಡಾಕ್ಟರು. ಪೊರೆ ತೆಗೆಸಿದೆವು. ಸ್ವಲ್ಪ ದಿನ ಮಕ್ಕಳು ಬರಲಿಲ್ಲ.

ಆಮೇಲೆ ಏರಿಳಿತ ಶುರುವಾಯ್ತು. ಒಂದು ದಿನ ಪಕ್ಕದ ಮನೆಯವರಿಗೆ ಮೀಟರ್ ಯಾಕೆ ಜಾಸ್ತಿ ಓಡ್ತಿದೆ ಅಂತ ಅಚ್ಚುಕಟ್ಟಾಗಿ ಲೆಕ್ಕ ಹಾಕಿ ತೋರಿಸೋರು. ಮಾರನೇ ದಿನ ಅಂಗಿ ಗುಂಡಿ ಹಾಕೋಕೆ ತಿಳಿಯದೆ ಗೋಡೆ ನೋಡುತ್ತಾ ಕೂತಿರೋರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸರಿ. "ಬೇಕಂತ ಮಾಡ್ತಾರೆ" ಅಂದ ನಮ್ಮಣ್ಣ. "ಗಾಳಿ ಸೋಕಿರಬೇಕು" ಅಂತ ಸೋದರತ್ತೆ ಬಂದು ತೋಳಿಗೆ ದಾರ ಕಟ್ಟಿಸಿದರು. ಹಾಸನದಲ್ಲಿ ಒಬ್ಬ ಡಾಕ್ಟರು ಡಿಪ್ರೆಶನ್ ಅಂದರು. ಇನ್ನೊಬ್ಬರು ಎಂಆರ್‌ಐ ಮಾಡಿಸಿ, "ವಯಸ್ಸಿಗೆ ತಕ್ಕ ಸವೆತ ಇದೆ, ಅಲ್ಜೈಮರ್ ಶುರುವಾಗ್ತಿರಬಹುದು" ಅಂತ ಚೀಟಿಯಲ್ಲಿ ಬರೆದರು.

ಒಂದು ರಾತ್ರಿ ಅಪ್ಪ ಅಮ್ಮನ ಮುಖವನ್ನೇ ನೋಡುತ್ತಾ, "ನೀವು ಯಾರು? ನೋಡೋಕೆ ಅವಳ ಥರಾನೇ ಇದ್ದೀರ. ಈ ಮನೆ ಯಜಮಾನಿ ಎಲ್ಲಿ ಹೋದ್ಲು?" ಅಂತ ಕೇಳಿದರು. ನಲವತ್ತೈದು ವರ್ಷ ಸಂಸಾರ ಮಾಡಿದ ಮನುಷ್ಯ, ಬಹುವಚನದಲ್ಲಿ. ಅಮ್ಮ ಅದನ್ನು ನನಗೆ ಹೇಳಿದ್ದು ಒಂದು ವಾರ ಬಿಟ್ಟು.

ಒಂದು ಇಂಜೆಕ್ಷನ್

ನಿಜವಾದ ಅಪಾಯ ಬಂದದ್ದು ಬೇರೆ ಕಡೆಯಿಂದ. ಅಪ್ಪನಿಗೆ ಮೂತ್ರದ ಸೋಂಕು ಆಗಿ ಜ್ವರ ಏರಿತು. ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಎರಡನೇ ರಾತ್ರಿ ಅವರು ಡ್ರಿಪ್ ಕಿತ್ತು ಹಾಕಿ, ಕಂಬದ ಮೇಲೆ ಯಾರೋ ಇದ್ದಾರೆ, ಲೈನ್ ಆಫ್ ಮಾಡಿ ಅಂತ ಕೂಗಾಡಿದರು. ಡ್ಯೂಟಿಯಲ್ಲಿದ್ದವರು ಶಾಂತ ಆಗಲಿ ಅಂತ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಕೂಗಾಡೋ ರೋಗಿಗೆ ಎಷ್ಟೋ ಕಡೆ ಕೊಡುವ ಔಷಧವೇ ಅದು.

ಬೆಳಗಾಗುವ ಹೊತ್ತಿಗೆ ಅಪ್ಪ ಮರದ ಕೊರಡಿನಂತೆ ಆಗಿದ್ದರು. ಕೈ ಮಡಚಲು ಬರ್ತಿರಲಿಲ್ಲ, ಬಾಯಿಗೆ ಹಾಕಿದ ಗಂಜಿ ಒಳಗೆ ಇಳೀತಿರಲಿಲ್ಲ, ಕರೆದರೆ ಕಣ್ಣು ಮಾತ್ರ ಅಲುಗುತ್ತಿತ್ತು. ಜ್ವರ ಇಳಿದರೂ ಮೈ ಸಡಿಲವಾಗಲಿಲ್ಲ. ನಾಲ್ಕು ದಿನ ಮೂಗಿನ ಟ್ಯೂಬಿನಲ್ಲೇ ಊಟ. ಮನೆಗೆ ಬಂದ ಮೇಲೂ ಹೆಜ್ಜೆ ಎಳೆದು ಎಳೆದು ನಡೆಯೋರು.

ಅಲ್ಲಿಂದ ಬೆಂಗಳೂರಿಗೆ ಕರೆತಂದು ನರರೋಗ ತಜ್ಞರೊಬ್ಬರಿಗೆ ತೋರಿಸಿದೆವು. ಅವರು ಫೈಲನ್ನು ಪಕ್ಕಕ್ಕಿಟ್ಟು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ರಾತ್ರಿ ನಿದ್ದೆಯಲ್ಲಿ ಇವರು ಕೂಗ್ತಾರಾ? ಕೈಕಾಲು ಬಡೀತಾರಾ?"

ಅಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತರು. ಡಾಕ್ಟರು ಕಾದರು. ಆಮೇಲೆ ಅಮ್ಮ ಮೆಲ್ಲಗೆ ಹೇಳಿದರು: "ಎಂಟು ವರ್ಷ ಆಯ್ತು ಸಾರ್. ಯಾರ ಜೊತೆಯೋ ಜಗಳ ಆಡೋ ಹಾಗೆ ಗುದ್ದುತ್ತಾರೆ. ಒಂದ್ಸಲ ನನ್ನ ಹಲ್ಲು ಅಲ್ಲಾಡಿತ್ತು."

ಆ ಹಲ್ಲಿನ ಕಥೆ ನಮಗೆಲ್ಲ ಗೊತ್ತಿತ್ತು. ಬಚ್ಚಲಲ್ಲಿ ಜಾರಿಬಿದ್ದೆ ಅಂತ ಅಮ್ಮ ಹೇಳಿದ್ದರು.

ಹಾಗಿದ್ರೆ ಸ್ಕ್ಯಾನ್ ಯಾಕೆ?

ಕನಸು ಕಾಣುವ ಹೊತ್ತಿನ ನಿದ್ದೆಯಲ್ಲಿ ನಮ್ಮೆಲ್ಲರ ಮೈಯೂ ತಾನಾಗಿ ಸಡಿಲವಾಗಿ ಬಿದ್ದಿರುತ್ತೆ. ಕನಸಲ್ಲಿ ಓಡಿದರೂ ಕಾಲು ಓಡಲ್ಲ. ಆ ಬೀಗ ಕೆಟ್ಟರೆ ಕನಸು ಕೈಕಾಲಿಗೆ ಇಳಿಯುತ್ತೆ. ಲೂಯಿ ಬಾಡಿ ಕಾಯಿಲೆಯಲ್ಲಿ ಇದು ಉಳಿದೆಲ್ಲ ಲಕ್ಷಣಗಳಿಗಿಂತ ಎಷ್ಟೋ ವರ್ಷ ಮೊದಲೇ ಕಾಣಿಸಬಹುದು.

2017ರಲ್ಲಿ ಜಗತ್ತಿನ ತಜ್ಞರು ಸೇರಿ ಪರಿಷ್ಕರಿಸಿದ ನಿಯಮಗಳ ಪ್ರಕಾರ ಇದಕ್ಕೆ ನಾಲ್ಕು ಮುಖ್ಯ ಲಕ್ಷಣ: ಎಚ್ಚರ ಮತ್ತು ಗಮನದ ಏರಿಳಿತ, ಮತ್ತೆ ಮತ್ತೆ ಇಲ್ಲದ್ದು ಕಾಣೋದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಆಡಿಸೋದು, ಪಾರ್ಕಿನ್ಸನ್ ಥರ ಮೈ ಬಿಗಿತ ಅಥವಾ ನಿಧಾನ. ಡಿಮೆನ್ಷಿಯಾ ಜೊತೆಗೆ ಇವುಗಳಲ್ಲಿ ಎರಡಿದ್ದರೆ ಸ್ಕ್ಯಾನ್ ಇಲ್ಲದೆಯೂ ಡಾಕ್ಟರು 'ಬಹುಪಾಲು ಇದೇ' ಅನ್ನಬಹುದು. ಒಂದೇ ಇದ್ದರೆ ಅದರ ಜೊತೆಗೆ ಒಂದು ಗಟ್ಟಿ ಪರೀಕ್ಷೆಯ ಸಾಕ್ಷಿ ಬೇಕು.

ಅಪ್ಪನ ವಿಷಯದಲ್ಲಿ ತೊಡಕಿದ್ದದ್ದು ಅಲ್ಲೇ. ಮಕ್ಕಳು ಕಂಡದ್ದು ಪೊರೆಯಿಂದ ಅನ್ನಬಹುದಿತ್ತು. ಕಂಬದ ಮೇಲಿನ ಮನುಷ್ಯ ಜ್ವರದ ಸನ್ನಿ ಅನ್ನಬಹುದಿತ್ತು. ಮೈ ಬಿಗಿದದ್ದು ಇಂಜೆಕ್ಷನ್‌ನಿಂದ ಇರಬಹುದಿತ್ತು. ಆ ಔಷಧ ಕೆಲವರಿಗೆ ಲೂಯಿ ಬಾಡಿ ಇಲ್ಲದಿದ್ದರೂ ಹಾಗೆ ಮಾಡುತ್ತೆ. "ನಿದ್ದೆಯದ್ದು ಮಾತ್ರ ನನಗೆ ನಂಬಿಕೆ ಬರೋ ಹಾಗಿದೆ. ಉಳಿದದ್ದಕ್ಕೆಲ್ಲ ಬೇರೆ ಕಾರಣನೂ ಹೇಳಬಹುದು. ಟ್ರೋಡ್ಯಾಟ್ ಸ್ಕ್ಯಾನ್ ಮಾಡಿಸೋಣ" ಅಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅಣ್ಣ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ವಾಸಿ ಆಗೋ ಕಾಯಿಲೆ ಅಲ್ಲ ಅಂತಾರೆ. ಹೆಸರು ತಿಳ್ಕೊಳ್ಳೋಕೆ ಇಷ್ಟು ದುಡ್ಡು ಯಾಕೆ ಸುರೀಬೇಕು?" ಅವನ ಪ್ರಶ್ನೆಯನ್ನೇ ನಾನು ಒಳಗೆ ಹೋಗಿ ಡಾಕ್ಟರಿಗೆ ಕೇಳಿದೆ. ಅವರ ಉತ್ತರ ಚಿಕ್ಕದಾಗಿತ್ತು: "ಮುಂದಿನ ಸಲ ಇವರು ಆಸ್ಪತ್ರೆಗೆ ಸೇರಿದಾಗ ಏನು ಕೊಡಬಾರದು ಅಂತ ಗೊತ್ತಿರಬೇಕಲ್ಲ, ಅದಕ್ಕೆ."

ತಂತಿ ಬೇರೆ, ಕರೆಂಟ್ ಬೇರೆ

ಎಂಆರ್‌ಐ ಆಗಿದೆಯಲ್ಲ, ಮತ್ತೊಂದು ಯಾಕೆ ಅಂತ ನಿಮಗೂ ಅನ್ನಿಸಬಹುದು. ಇದಕ್ಕೆ ಅಪ್ಪನ ಕೆಲಸದ ಭಾಷೆಯೇ ಸರಿ. ಎಂಆರ್‌ಐ, ಸಿಟಿ ತೋರಿಸೋದು ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ತಮ್ಮ ಜಾಗದಲ್ಲಿ ಇವೆಯಾ ಅಂತ. ಅದರಲ್ಲಿ ಕರೆಂಟ್ ಹರೀತಿದೆಯಾ ಅಂತ ತೋರಿಸೋದು ನ್ಯೂಕ್ಲಿಯರ್ ಮೆಡಿಸಿನ್‌ನ ಸ್ಕ್ಯಾನ್‌ಗಳು.

ಮೆದುಳಿನ ನಡುಭಾಗದಲ್ಲಿ ಸ್ಟ್ರಯೇಟಮ್ ಅನ್ನೋ ಜೋಡಿ ಗಂಟುಗಳಿವೆ. ನಮ್ಮ ಚಲನೆ ಹದವಾಗಿರಲು ಅಲ್ಲಿಗೆ ಡೋಪಮೈನ್ ಬರ್ತಾ ಇರಬೇಕು. ಅದನ್ನು ತರುವ ನರಗಳ ತುದಿಯಲ್ಲಿ ಬಳಸಿದ ಡೋಪಮೈನನ್ನು ವಾಪಸ್ ಹೀರಿಕೊಳ್ಳುವ ಪುಟ್ಟ ಬಾಗಿಲುಗಳಿವೆ. ಟ್ರೋಡ್ಯಾಟ್ ಅನ್ನೋ ರಾಸಾಯನಿಕ ಹೋಗಿ ಆ ಬಾಗಿಲಿಗೇ ಅಂಟಿಕೊಳ್ಳುತ್ತೆ. ಅದಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ಜೋಡಿಸಿರೋದರಿಂದ, ಎಲ್ಲಿ ಅಂಟಿದೆ ಅನ್ನೋದು ಸ್ಪೆಕ್ಟ್ ಕ್ಯಾಮೆರಾಕ್ಕೆ ಹೊಳಪಾಗಿ ಕಾಣುತ್ತೆ. ನರದ ತುದಿಗಳೇ ಸತ್ತಿದ್ದರೆ ಅಂಟಲು ಬಾಗಿಲಿಲ್ಲ, ಹೊಳಪೂ ಇಲ್ಲ.

ಅಮೆರಿಕ, ಯುರೋಪಿನಲ್ಲಿ ಇದೇ ಕೆಲಸಕ್ಕೆ ಅಯೋಡಿನ್ 123 ಇರುವ ಡ್ಯಾಟ್‌ಸ್ಕ್ಯಾನ್ ಬಳಸ್ತಾರೆ. ಲೂಯಿ ಬಾಡಿ ಡಿಮೆನ್ಷಿಯಾ ಸಂಶಯ ಇದ್ದವರಲ್ಲಿ ಬಳಸಲು ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಅಯೋಡಿನ್ 123 ತಯಾರಿಸಲು ಸೈಕ್ಲೊಟ್ರಾನ್ ಬೇಕು, 13 ಗಂಟೆಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತೆ. ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆಯೇ ಆದರೂ, ಅದನ್ನು ಆಸ್ಪತ್ರೆಯಲ್ಲೇ ಇರುವ ಜನರೇಟರ್‌ನಿಂದ ಬೇಕಾದಾಗ ತೆಗೆದುಕೊಳ್ಳಬಹುದು. ಹಾಗಾಗಿ ನಮ್ಮಲ್ಲಿ ಟ್ರೋಡ್ಯಾಟ್ ಹೆಚ್ಚು ಬಳಕೆಯಲ್ಲಿದೆ.

ಅಲ್ಜೈಮರ್‌ನಲ್ಲಿ ಈ ಡೋಪಮೈನ್ ತುದಿಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಬರೀ ಔಷಧದಿಂದ ಮೈ ಬಿಗಿದವರಲ್ಲೂ ಉಳಿದಿರುತ್ತವೆ. ಲೂಯಿ ಬಾಡಿಯಲ್ಲಿ ಉಳಿಯಲ್ಲ. ನಮ್ಮ ಎರಡು ಪ್ರಶ್ನೆಗೂ ಒಂದೇ ಸ್ಕ್ಯಾನ್ ಉತ್ತರ ಕೊಡಬಲ್ಲದು ಅಂತ ಡಾಕ್ಟರು ಇದನ್ನೇ ಆರಿಸಿದ್ದು.

ಸ್ಕ್ಯಾನ್ ದಿನ

ಬೆಳಗ್ಗೆ ಕೈಗೆ ಒಂದು ಇಂಜೆಕ್ಷನ್. ಆಮೇಲೆ ಸುಮಾರು ನಾಲ್ಕು ಗಂಟೆ ಕಾಯೋದು, ಔಷಧ ಮೆದುಳಿಗೆ ಹೋಗಿ ಅಂಟಬೇಕಲ್ಲ. ತಗೊಳ್ತಿರೋ ಮಾತ್ರೆಗಳೆಲ್ಲದರ ಪಟ್ಟಿಯನ್ನ ಮೊದಲೇ ಕೇಳಿ ತಗೊಂಡಿದ್ದರು, ಕೆಲವು ಔಷಧಗಳು ಅದೇ ಬಾಗಿಲಿಗೆ ಅಡ್ಡ ನಿಲ್ಲುತ್ತವಂತೆ. ನೀರು ಚೆನ್ನಾಗಿ ಕುಡಿಸಿ, ಆವತ್ತು ಬಸುರಿಯರು, ಪುಟ್ಟ ಮಕ್ಕಳ ಹತ್ತಿರ ಕೂರಿಸಬೇಡಿ ಅಂದರು.

ಅಪ್ಪನಿಗೆ ಆವತ್ತು ಒಳ್ಳೆಯ ದಿನ. ಕ್ಯಾಮೆರಾ ಇರೋ ಕೋಣೆ ನೋಡಿ ಟೆಕ್ನೀಷಿಯನ್ ಹುಡುಗನ್ನ "ತ್ರೀ ಫೇಸಾ ಇದು?" ಅಂತ ಕೇಳಿದರು. ಅವನು ನಗುತ್ತಾ ತಲೆಗೆ ಪಟ್ಟಿ ಕಟ್ಟಿ, "ತಾತ, ಅರ್ಧ ಗಂಟೆ ಅಲ್ಲಾಡಬಾರದು" ಅಂದ. ಎರಡು ಕ್ಯಾಮೆರಾ ತಲೆಗಳು ನಿಧಾನಕ್ಕೆ ಅಪ್ಪನ ತಲೆಯ ಸುತ್ತ ತಿರುಗಿದವು. ಎಂಆರ್‌ಐ ಥರ ಗಡಗಡ ಸದ್ದಿಲ್ಲ. ಅಮ್ಮ ಹೊರಗೆ ಕಿಟಕಿಯ ಹತ್ತಿರವೇ ನಿಂತಿದ್ದರು.

ಮೂರನೇ ದಿನ ಡಾಕ್ಟರು ಕಂಪ್ಯೂಟರ್‌ನಲ್ಲಿ ಎರಡು ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದು ಆರೋಗ್ಯವಂತರದ್ದು: ಕಪ್ಪು ಹಿನ್ನೆಲೆಯಲ್ಲಿ ಎದುರುಬದುರು ಹೊಳೆಯುವ ಎರಡು ಅಲ್ಪವಿರಾಮ. ಇನ್ನೊಂದು ಅಪ್ಪನದು. ಅಲ್ಪವಿರಾಮದ ಬಾಲ ಎರಡೂ ಕಡೆ ಅಳಿಸಿಹೋಗಿ ಮಂಕಾದ ಎರಡು ಚುಕ್ಕೆ ಮಾತ್ರ ಉಳಿದಿದ್ದವು. ಪೂರ್ಣವಿರಾಮದ ಹಾಗೆ. ಡಾಕ್ಟರುಗಳ ಪಾಠದಲ್ಲೂ ಇದನ್ನ ಹಾಗೇ ಕರೀತಾರಂತೆ.

ಹಾಸನದಲ್ಲಿ ತೆಗೆಸಿದ್ದ ಎಂಆರ್‌ಐಯನ್ನೂ ಅವರು ಮತ್ತೆ ನೋಡಿದರು. ಕಿವಿಯ ಒಳಭಾಗದ ನೇರಕ್ಕಿರುವ ಹಿಪ್ಪೊಕ್ಯಾಂಪಸ್ ಎಂಬ ಜಾಗ ನೆನಪಿನ ಗೋದಾಮು. ಅಲ್ಜೈಮರ್‌ನಲ್ಲಿ ಅದು ಬೇಗ ಕುಗ್ಗುತ್ತೆ, ಲೂಯಿ ಬಾಡಿಯಲ್ಲಿ ಅಷ್ಟಾಗಿ ಕುಗ್ಗಲ್ಲ. ಅಪ್ಪನದು ಬಹಳಷ್ಟು ಉಳಿದಿತ್ತು. ಹಳೇ ಲೈನುಗಳ ದಾರಿ ಅವರಿಗೆ ಇನ್ನೂ ನೆನಪಿರೋದು ಯಾಕೆ ಅಂತ ನನಗೆ ಆಗ ಅರ್ಥವಾಯ್ತು.

ಚಿತ್ರ ಹೇಳದೇ ಇರೋದು

ಡಾಕ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ, ಸ್ಕ್ಯಾನಿನ ಮಿತಿಯನ್ನೂ ಹೇಳಿದರು. ಇದೇ ಎರಡು ಚುಕ್ಕೆ ಪಾರ್ಕಿನ್ಸನ್ ಕಾಯಿಲೆಯಲ್ಲೂ, ಅದರ ಹತ್ತಿರದ ಇನ್ನೂ ಕೆಲವು ಕಾಯಿಲೆಗಳಲ್ಲೂ ಕಾಣುತ್ತೆ. ಪಾರ್ಕಿನ್ಸನ್ ಬಂದು ವರ್ಷಗಳಾದ ಮೇಲೆ ಬುದ್ಧಿಯ ತೊಂದರೆ ಶುರುವಾದರೆ ಅದಕ್ಕೆ ಹೆಸರೇ ಬೇರೆ. ಬುದ್ಧಿಯ ತೊಂದರೆ ಮೊದಲು ಬಂದಿದ್ದರೆ, ಅಥವಾ ಮೈ ಬಿಗಿತ ಶುರುವಾದ ಒಂದು ವರ್ಷದೊಳಗೆ ಬಂದಿದ್ದರೆ ಲೂಯಿ ಬಾಡಿ ಡಿಮೆನ್ಷಿಯಾ ಅಂತಾರೆ. ಅಂದರೆ ಚಿತ್ರದ ಜೊತೆಗೆ ಮನೆಯವರು ಹೇಳುವ ಕಥೆಯೂ ಬೇಕೇ ಬೇಕು.

ಇನ್ನೊಂದು ಮಾತು. ಸ್ಕ್ಯಾನ್ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಡ್ಯಾಟ್‌ಸ್ಕ್ಯಾನ್ ಬಗ್ಗೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣ ನೋಡಿ ಲೂಯಿ ಬಾಡಿ ಅಂತ ಗುರುತಿಸಿದವರಲ್ಲಿ 100ಕ್ಕೆ ಸುಮಾರು 78 ಜನರ ಸ್ಕ್ಯಾನ್ ಕೆಟ್ಟಿತ್ತು. ಬೇರೆ ಡಿಮೆನ್ಷಿಯಾ ಇದ್ದವರಲ್ಲಿ 100ಕ್ಕೆ ಸುಮಾರು 90 ಜನರದ್ದು ಸರಿಯಾಗಿತ್ತು.

ಬೇರೆ ದಾರಿಗಳೂ ಇವೆ. ಗ್ಲೂಕೋಸ್ ಬಳಸುವ ಪೆಟ್ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಭಾಗ, ಅಂದರೆ ಕಣ್ಣು ಕಂಡದ್ದನ್ನು ಅರ್ಥ ಮಾಡಿಕೊಳ್ಳೋ ಜಾಗ, ಮಂಕಾಗಿರೋದು ಕಾಣಬಹುದು. ಎಂಐಬಿಜಿ ಅನ್ನೋ ಸ್ಕ್ಯಾನ್ ನೋಡೋದು ಮೆದುಳನ್ನಲ್ಲ, ಹೃದಯದ ನರಗಳನ್ನ. ಈ ಕಾಯಿಲೆ ಅಲ್ಲಿನ ನರಗಳನ್ನೂ ಬಿಡಲ್ಲ. ಜಪಾನಿನಲ್ಲಿ ಅದರ ಬಳಕೆ ಹೆಚ್ಚು. ನಿದ್ದೆಯ ಲ್ಯಾಬ್‌ನಲ್ಲಿ ರಾತ್ರಿಯಿಡೀ ವೈರ್ ಅಂಟಿಸಿ ಮಾಡುವ ಪರೀಕ್ಷೆಯೂ ಗಟ್ಟಿ ಸಾಕ್ಷಿಯೇ. ವೈರ್ ಕಂಡರೆ ರಿಪೇರಿಗೆ ಇಳಿಯೋ ಅಪ್ಪನಿಗೆ ಅದು ಬೇಡ ಅಂತ ಬಿಟ್ಟೆವು.

ಪೂರ್ತಿ ಖಚಿತ ಆಗೋದು ಮಾತ್ರ ಸತ್ತ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ. 1912ರಲ್ಲಿ ಫ್ರೆಡರಿಕ್ ಲೂಯಿ ಎಂಬ ಜರ್ಮನ್ ವೈದ್ಯ ನರಕೋಶದೊಳಗೆ ಕಂಡ ದುಂಡನೆಯ ಗಂಟುಗಳಿಂದಲೇ ಈ ಹೆಸರು. ಅದೇ ಗಂಟುಗಳಿಂದ ಡಿಮೆನ್ಷಿಯಾ ಬರಬಹುದು ಅಂತ 1976ರಲ್ಲಿ ಜಪಾನಿನ ಕೆಂಜಿ ಕೊಸಾಕಾ ಬರೆದರು. ಆ ಗಂಟಿನೊಳಗೆ ತುಂಬಿರೋದು ಆಲ್ಫಾ ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನ್ ಅಂತ ತಿಳಿದದ್ದು 1997ರಲ್ಲಿ. ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡಾಗ ಅವರಿಗೆ ಪಾರ್ಕಿನ್ಸನ್ ಇದೆ ಅಂತಷ್ಟೇ ಮನೆಯವರಿಗೆ ಗೊತ್ತಿತ್ತು. ಲೂಯಿ ಬಾಡಿ ಅಂತ ಹೆಂಡತಿಗೆ ಗೊತ್ತಾದದ್ದು ಮರಣೋತ್ತರ ಪರೀಕ್ಷೆಯ ನಂತರ. ಹೆಸರಿಲ್ಲದ ಆ ಗೊಂದಲದ ಬಗ್ಗೆ ಅವರು 2016ರಲ್ಲಿ ನರವೈದ್ಯರ ಪತ್ರಿಕೆಯೊಂದಕ್ಕೆ ಲೇಖನವನ್ನೇ ಬರೆದರು.

ಹೆಸರು ಸಿಕ್ಕ ಮೇಲೆ

ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಮನೆಯಲ್ಲಿ ಬಹಳ ಬದಲಾಯ್ತು.

ಮೊದಲನೆಯದು, ಅಪ್ಪನ ಜೇಬಿನಲ್ಲಿ ಒಂದು ಕಾರ್ಡು. ಕಾಯಿಲೆಯ ಹೆಸರು, ಹ್ಯಾಲೊಪೆರಿಡಾಲ್ ಥರದ ಔಷಧ ಕೊಡಬೇಡಿ ಅನ್ನೋ ಸೂಚನೆ, ಡಾಕ್ಟರ ಸಹಿ, ನನ್ನ ಮತ್ತು ಅಣ್ಣನ ನಂಬರ್. ಅದರದೇ ಇನ್ನೊಂದು ಪ್ರತಿ ಫ್ರಿಜ್ ಬಾಗಿಲ ಮೇಲೆ, ಇನ್ನೊಂದರ ಫೋಟೋ ನಮ್ಮೆಲ್ಲರ ಫೋನಲ್ಲಿ. ಈ ಕಾಯಿಲೆ ಇರೋರಿಗೆ ಅಂಥ ಔಷಧ ಜೀವಕ್ಕೇ ಎರವಾಗಬಹುದು. ಆರು ತಿಂಗಳ ಹಿಂದೆ ಮತ್ತೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ಅಣ್ಣ ಮೊದಲು ಕೊಟ್ಟದ್ದು ಆ ಕಾರ್ಡನ್ನ, ಆಮೇಲೆ ಇನ್ಶೂರೆನ್ಸ್ ಕಾರ್ಡನ್ನ. ಅಪ್ಪ ನಡೆದುಕೊಂಡೇ ಮನೆಗೆ ಬಂದರು.

ಎರಡನೆಯದು, ರಿವಾಸ್ಟಿಗ್ಮಿನ್ ಎಂಬ ಪ್ಯಾಚ್. ಬೆನ್ನಿಗೆ ಅಂಟಿಸೋದು. ಅಪ್ಪನಲ್ಲಿ ಒಳ್ಳೆಯ ದಿನಗಳು ಹೆಚ್ಚಾದವು. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಮಕ್ಕಳು ಪೂರ್ತಿ ಹೋಗಿಲ್ಲ, ಆದರೆ ಕಡಿಮೆ ಬರ್ತಾರೆ. ಬಂದಾಗ "ಯಾರೂ ಇಲ್ಲ" ಅಂತ ವಾದ ಮಾಡೋದನ್ನ ನಾವು ಬಿಟ್ಟಿದ್ದೀವಿ. "ಅವಕ್ಕೆ ಆಗಲೇ ತಿಂಡಿ ಆಯ್ತು" ಅಂತಾರೆ ಅಮ್ಮ. ಅಪ್ಪನಿಗೆ ಸಮಾಧಾನ. ಮಂಚದ ಬದಲು ನೆಲದ ಮೇಲೆ ಎರಡು ಬೇರೆ ಬೇರೆ ಹಾಸಿಗೆ, ನಡುವೆ ದಿಂಬಿನ ಸಾಲು, ರಾತ್ರಿಗೆ ಸಣ್ಣ ಬಲ್ಬು. ಮೈ ಸಡಿಲವಾಗೋಕೆ ವಾರಕ್ಕೆರಡು ದಿನ ಫಿಸಿಯೋಥೆರಪಿ.

ಮೂರನೆಯದು ಯಾವ ರಿಪೋರ್ಟಿನಲ್ಲೂ ಬರಲ್ಲ. ಎರಡು ಚುಕ್ಕೆಗಳ ಚಿತ್ರ ತೋರಿಸಿದ ದಿನ ಕಾರಿನಲ್ಲಿ ವಾಪಸ್ ಬರುವಾಗ ನೆಲಮಂಗಲ ದಾಟುವವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಕೇಳಿದರು: "ಪುಟ್ಟಿ, ಹಂಗಾದ್ರೆ ನನ್ನ ಯಾರು ಅಂತ ಕೇಳಿದ್ದೂ, ನಿದ್ದೆಯಲ್ಲಿ ಹೊಡೆದಿದ್ದೂ ಎಲ್ಲಾ ಈ ಕಾಯಿಲೆನೇನಾ?"

"ಹೂಂ ಅಮ್ಮ. ಎಲ್ಲಾ ಅದೇ."

"ನನ್ನ ಮೇಲೆ ಏನೋ ಮನಸ್ಸಲ್ಲಿ ಇಟ್ಕೊಂಡವ್ರೆ ಅಂದ್ಕೊಂಡಿದ್ದೆ" ಅಂದರು. ಪಕ್ಕದಲ್ಲಿ ನಿದ್ದೆ ಹೋಗಿದ್ದ ಅಪ್ಪನ ತಲೆ ಕಿಟಕಿಗೆ ಬಡಿಯದ ಹಾಗೆ ತಮ್ಮ ಶಾಲು ಮಡಚಿ ಇಟ್ಟರು. ಅಣ್ಣ ಸ್ಕ್ಯಾನಿನ ದುಡ್ಡಿನ ಮಾತನ್ನ ಮತ್ತೆ ಎತ್ತಲಿಲ್ಲ.

ನಿಮಗೆ ಹೇಳಬೇಕಾದದ್ದು

ಇದನ್ನ ಓದಿ ನೀವೇ ಲ್ಯಾಬಿಗೆ ಫೋನ್ ಮಾಡಿ ಸ್ಕ್ಯಾನ್ ಬುಕ್ ಮಾಡಬೇಡಿ. ಮರೆವು ಇರೋ ಎಲ್ಲರಿಗೂ ಇದು ಬೇಕಿಲ್ಲ. ಲಕ್ಷಣಗಳು ಸ್ಪಷ್ಟವಾಗಿದ್ದರೆ ಡಾಕ್ಟರು ಸ್ಕ್ಯಾನ್ ಇಲ್ಲದೆಯೂ ಹೇಳಬಲ್ಲರು. ಇದೋ ಅದೋ ಅನ್ನೋ ಅನುಮಾನ ಇದ್ದು, ಉತ್ತರದಿಂದ ಚಿಕಿತ್ಸೆ ಬದಲಾಗೋ ಹಾಗಿದ್ದರೆ ಮಾತ್ರ ಇದರ ಬೆಲೆ. ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆ ಇರೋ ಊರಲ್ಲಿದ್ದೀವಿ, ಮೊದಲು ನರರೋಗ ತಜ್ಞರಿಗೆ ತೋರಿಸಿ.

ತೋರಿಸೋಕೆ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ. ನಿದ್ದೆಯಲ್ಲಿ ಏನು ಮಾಡ್ತಾರೆ, ಯಾವಾಗಿನಿಂದ. ಇಲ್ಲದ್ದು ಏನಾದರೂ ಕಾಣುತ್ತಾ, ಎಷ್ಟು ಸಲ. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಎಷ್ಟು ವ್ಯತ್ಯಾಸ. ಸಾಧ್ಯವಾದರೆ ಎರಡೂ ಥರದ ದಿನದ ಚಿಕ್ಕ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ಎದುರು ಹತ್ತು ನಿಮಿಷ ಇವರು ಚೆನ್ನಾಗೇ ಮಾತಾಡಿಬಿಡಬಹುದು.

ಮತ್ತೆ, ಪ್ರಶ್ನೆಯನ್ನ ಪಕ್ಕದಲ್ಲಿ ಮಲಗೋರಿಗೆ ಕೇಳಿ. ನಮ್ಮ ಅಮ್ಮಂದಿರು ತಾವಾಗಿ ಹೇಳಲ್ಲ. ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಅಂತ ಕೇಳ್ತೀವಲ್ಲ, ಅದರ ಜೊತೆಗೆ ಇನ್ನೊಂದು ಕೇಳಿ: "ಅಮ್ಮಾ, ರಾತ್ರಿ ಅಪ್ಪ ಸರಿಯಾಗಿ ನಿದ್ದೆ ಮಾಡ್ತಾರಾ? ನೀನು?"